ತೀರ್ಥಹಳ್ಳಿಯ ಮನೆಯೊಂದು ಕಾರು ಆರಿಸಿದ ಬಗೆ: ಒಂದು ಪ್ರಕರಣ ಅಧ್ಯಯನ

ತೀರ್ಥಹಳ್ಳಿ ಪೇಟೆಯಿಂದ ಆಗುಂಬೆ ರಸ್ತೆಯಲ್ಲಿ ಒಂಬತ್ತು ಕಿಲೋಮೀಟರ್ ಸಾಗಿ, ಅಲ್ಲಿಂದ ತೋಟದ ಕಡೆಗೆ ಇಳಿಯುವ ಮಣ್ಣುರಸ್ತೆಯ ಕೊನೆಯಲ್ಲಿ ನನ್ನ ಅಕ್ಕನ ಮನೆಯಿದೆ. ಮನೆಯಲ್ಲಿರುವವರು ಮೂವರು: ಅರವತ್ತೊಂದು ವಯಸ್ಸಿನ ಭಾವ, ಅಕ್ಕ ಮತ್ತು ಭಾವನ ತಾಯಿ. ಎಪ್ಪತ್ತೊಂಬತ್ತು ತುಂಬಿದ ಭಾವನ ತಾಯಿಯನ್ನು ಮನೆಯವರೆಲ್ಲ ಅಜ್ಜಿ ಎಂದೇ ಕರೆಯುತ್ತಾರೆ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. 2011ರಲ್ಲಿ ಕೊಂಡ ಸಣ್ಣ ಕಾರು ಹದಿನಾಲ್ಕು ಮಳೆಗಾಲ ಕಂಡು ಸುಸ್ತಾಗಿತ್ತು. ಅದನ್ನು ಬದಲಿಸಬೇಕೆಂಬ ಮಾತು 2025ರ ಮೇ ತಿಂಗಳಲ್ಲಿ ಹುಟ್ಟಿತು, ಅಕ್ಟೋಬರ್ ಮಧ್ಯದಲ್ಲಿ ಹೊಸ ಕಾರು ಅಂಗಳಕ್ಕೆ ಬಂದಿತು. ಈ ಐದು ತಿಂಗಳ ಹುಡುಕಾಟದಲ್ಲಿ ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದ್ದರಿಂದ, ಯಾವ ಕಾರಣಕ್ಕೆ ಯಾವ ಕಾರು ಪಟ್ಟಿಯಿಂದ ಬಿದ್ದುಹೋಯಿತು ಎಂಬುದನ್ನು ಸಾಕಷ್ಟು ನಿಖರವಾಗಿ ಹೇಳಬಲ್ಲೆ.

ಆರಂಭದಲ್ಲಿ ಪ್ರತಿಯೊಬ್ಬರ ಮನಸ್ಸಿನಲ್ಲಿಯೂ ಒಂದೊಂದು ಕಾರು ಇತ್ತು. ಮಗನಿಗೆ ಸನ್‌ರೂಫ್ ಮತ್ತು ದೊಡ್ಡ ಪರದೆ ಬೇಕಾಗಿತ್ತು, ಅಕ್ಕನಿಗೆ ಒಳ್ಳೆಯ ಮೈಲೇಜ್ ಬೇಕಾಗಿತ್ತು. ಭಾವನದು ಒಂದೇ ಮಾತು: ಆಗುಂಬೆ ಘಾಟಿಯನ್ನು ಉಸಿರುಕಟ್ಟದೆ ಏರುವ ಡೀಸೆಲ್ ಗಾಡಿ. ಅಜ್ಜಿಯನ್ನು ಯಾರೂ ಕೇಳಿರಲಿಲ್ಲ. ಬೇರೆ ಬೇರೆ ಅಗತ್ಯಗಳನ್ನು ಇಟ್ಟುಕೊಂಡು ಚರ್ಚೆಗೆ ಕುಳಿತವರು ಕಾರಿನ ಹೆಸರು ಹಿಡಿದು ವಾದಿಸತೊಡಗಿದರೆ ಆ ವಾದಕ್ಕೆ ಕೊನೆಯಿರುವುದಿಲ್ಲವಾದ್ದರಿಂದ, ಮೊದಲು ಹಳೆಯ ಕಾರು ನಿಜವಾಗಿ ಎಲ್ಲೆಲ್ಲಿಗೆ ಹೋಗಿದೆ ಎಂದು ನೋಡೋಣ ಎಂದು ನಾನು ಸೂಚಿಸಿದೆ. ಅದೃಷ್ಟಕ್ಕೆ ಭಾವನಿಗೆ ದಿನಚರಿ ಬರೆಯುವ ಅಭ್ಯಾಸವಿದೆ. ಆಳುಗಳ ಕೂಲಿ, ಅಡಿಕೆಯ ಧಾರಣೆ, ಮಳೆಯ ಅಳತೆ ಇವುಗಳ ಜೊತೆಯಲ್ಲಿ ಅಂದು ಎಲ್ಲಿಗೆ ಹೋಗಿದ್ದೆವು ಎಂಬ ಒಂದು ಸಾಲು ಅದರಲ್ಲಿ ಇದ್ದೇ ಇರುತ್ತದೆ.

ಜನವರಿಯಿಂದ ಜೂನ್‌ವರೆಗಿನ ಪುಟಗಳನ್ನು ತಿರುವಿ ಕೂಡಿಸಿದಾಗ ಸಿಕ್ಕ ಚಿತ್ರ ಹೀಗಿತ್ತು. ಪೇಟೆಗೆ ಸುಮಾರು 120 ಸಲ ಹೋಗಿ ಬಂದಿದ್ದರು, ಅದರಿಂದ 2,160 ಕಿಲೋಮೀಟರ್ ಆಗಿತ್ತು. ಶಿವಮೊಗ್ಗಕ್ಕೆ ಎಂಟು ಸಲ, ಅಜ್ಜಿಯ ಚಿಕಿತ್ಸೆಗೆಂದು ಮಣಿಪಾಲಕ್ಕೆ ತಿಂಗಳಿಗೊಮ್ಮೆಯಂತೆ ಆರು ಸಲ, ಬೆಂಗಳೂರಿಗೆ ಒಂದು ಸಲ ಹೋಗಿದ್ದರು. ಮದುವೆ ಮುಂಜಿಗಳನ್ನೂ ಸೇರಿಸಿದರೆ ಒಟ್ಟು 5,300 ಕಿಲೋಮೀಟರ್‌ಗಳ ಆಸುಪಾಸು, ಅಂದರೆ ವರ್ಷಕ್ಕೆ ಹತ್ತು ಸಾವಿರದ ಆರುನೂರು. ಭಾವ ಈ ಮೊತ್ತವನ್ನು ನಂಬಲಿಲ್ಲ, ಹದಿನೆಂಟು ಸಾವಿರವಾದರೂ ಆಗಿರಬೇಕೆಂಬುದು ಅವರ ಅಂದಾಜು. ಹಳೆಯ ಕಾರಿನ ಮೀಟರನ್ನು ಅದು ಓಡಿದ ವರ್ಷಗಳಿಂದ ಭಾಗಿಸಿ ತೋರಿಸಿದ ಮೇಲೆಯೇ ಒಪ್ಪಿದರು.

ಈ ಲೆಕ್ಕಕ್ಕೆ ಮೊದಲು ಬಲಿಯಾದದ್ದು ಡೀಸೆಲ್. ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಡೀಸೆಲ್ 91 ರೂಪಾಯಿ ಎಂದು ಹಿಡಿದೆವು. ಮಲೆನಾಡಿನ ರಸ್ತೆಯಲ್ಲಿ ಪೆಟ್ರೋಲ್ ಕಾರು ಲೀಟರಿಗೆ 15, ಡೀಸೆಲ್ ಕಾರು 19 ಕಿಲೋಮೀಟರ್ ಕೊಡುತ್ತದೆ ಎಂದು ಇಟ್ಟುಕೊಂಡೆವು. ಕಂಪನಿಗಳು ಪ್ರಕಟಿಸುವ ಮೈಲೇಜ್ ಪ್ರಯೋಗಾಲಯದಲ್ಲಿ ರೋಲರ್‌ಗಳ ಮೇಲೆ ಚಕ್ರ ತಿರುಗಿಸಿ ಅಳೆದದ್ದಾದ್ದರಿಂದ ಅದನ್ನು ಹಾಗೆಯೇ ನಂಬುವಂತಿಲ್ಲ. ಜೊತೆಗೆ ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಇರುತ್ತದೆ, ಎಥೆನಾಲಿನ ಶಕ್ತಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆ. ಹೀಗೆ ಲೆಕ್ಕ ಹಾಕಿದಾಗ ವರ್ಷದ ಇಂಧನದ ಖರ್ಚಿನಲ್ಲಿ ಡೀಸೆಲ್ ಉಳಿಸುವುದು ಸುಮಾರು 22,000 ರೂಪಾಯಿ. ಆದರೆ ನಮಗೆ ಸಿಕ್ಕ ಕೊಟೇಶನ್‌ಗಳಲ್ಲಿ ಒಂದೇ ದರ್ಜೆಯ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳ ನಡುವಿನ ತೆರಿಗೆ, ವಿಮೆ ಎಲ್ಲ ಸೇರಿದ ಆನ್‌ರೋಡ್ ಬೆಲೆಯ ವ್ಯತ್ಯಾಸ 1.7 ಲಕ್ಷವಿತ್ತು. ಆ ಹಣ ಮರಳಿ ಬರಲು ಎಂಟು ವರ್ಷದ ಹತ್ತಿರ ಬೇಕು.

ಹಣಕ್ಕಿಂತ ಗಟ್ಟಿಯಾದ ಇನ್ನೊಂದು ಕಾರಣವೂ ಇತ್ತು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಎಂಬ ಹೊಗೆ ನಿಯಂತ್ರಣ ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಅದರಲ್ಲಿ ಕಟ್ಟಿದ ಮಸಿ ಸುಟ್ಟುಹೋಗಬೇಕಾದರೆ ಕಾರು ಒಂದೇ ಸಮನೆ ಸ್ವಲ್ಪ ಹೊತ್ತು ವೇಗವಾಗಿ ಓಡಿ ಸೈಲೆನ್ಸರಿನ ದಾರಿ ಚೆನ್ನಾಗಿ ಕಾಯಬೇಕು. ಒಂಬತ್ತು ಕಿಲೋಮೀಟರ್ ಓಡಿ, ಸೊಸೈಟಿಯ ಮುಂದೆ ಒಂದು ಗಂಟೆ ನಿಂತು, ಮತ್ತೆ ಒಂಬತ್ತು ಕಿಲೋಮೀಟರ್ ಓಡಿ ಮನೆ ಸೇರುವ ಗಾಡಿಗೆ ಆ ಅವಕಾಶವೇ ಸಿಗುವುದಿಲ್ಲ. ಆರು ತಿಂಗಳಲ್ಲಿ 120 ಸಲ ಇಂಥದ್ದೇ ಓಡಾಟವಾಗಿದ್ದ ಮನೆಗೆ ಡೀಸೆಲ್ ಹೊಂದುವ ಮಾತಲ್ಲ.

ಘಾಟಿಯ ವಿಷಯವನ್ನು ಭಾವ ಅಷ್ಟು ಸುಲಭವಾಗಿ ಬಿಡಲಿಲ್ಲ. ರಾಷ್ಟ್ರೀಯ ಹೆದ್ದಾರಿ 169ಎ ಸೋಮೇಶ್ವರದಿಂದ ಆಗುಂಬೆಗೆ ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಿ ಏರುತ್ತದೆ. ಆ ತಿರುವುಗಳಲ್ಲಿ ಎಂಜಿನ್ ಸತ್ತಂತಾದರೆ ಏನಾಗುತ್ತದೆ ಎಂದು ಬಲ್ಲವರ ಭಯ ಸುಳ್ಳಲ್ಲ. ಆದ್ದರಿಂದ ಡೀಸೆಲ್ ಹೋದರೆ ಹೋಗಲಿ, ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ಶಕ್ತಿ ಹೆಚ್ಚಿಸುವ ಟರ್ಬೊ ಪೆಟ್ರೋಲ್ ಆದರೂ ಇರಲಿ ಎಂಬಲ್ಲಿಗೆ ಅವರು ಇಳಿದುಬಂದರು. ಆಗ ಮತ್ತೆ ಡೈರಿಯನ್ನೇ ತೆರೆದೆವು. ಮಣಿಪಾಲಕ್ಕೆ ವರ್ಷಕ್ಕೆ ಹನ್ನೆರಡು ಸಲ ಹೋದರೆ ಘಾಟಿ ಏರುವುದು ಹನ್ನೆರಡು ಸಲ. ಏರಿನ ಭಾಗವನ್ನು ಉದಾರವಾಗಿ ಹತ್ತು ಕಿಲೋಮೀಟರ್ ಎಂದು ಹಿಡಿದರೂ ವರ್ಷಕ್ಕೆ 120 ಕಿಲೋಮೀಟರ್ ಆಯಿತು, ಅಂದರೆ ಒಟ್ಟು ಓಟದ ನೂರರಲ್ಲಿ ಒಂದು ಪಾಲಿಗೆ ಸ್ವಲ್ಪ ಹೆಚ್ಚು. ಮನೆಯ ಮಾತುಕತೆಯಲ್ಲಿ ಅರ್ಧ ಹೊತ್ತನ್ನು ತಿನ್ನುತ್ತಿದ್ದ ಘಾಟಿ, ಕಾರಿನ ಬದುಕಿನಲ್ಲಿ ಅಷ್ಟೇ ಜಾಗ ಹಿಡಿಯುವಂಥದ್ದು. ಘಾಟಿ ಏರಲಾರದ ಕಾರು ಬೇಡ ಎಂಬುದು ನಿಜ. ಆದರೆ ಘಾಟಿಯನ್ನು ಅತ್ಯಂತ ಸುಲಭವಾಗಿ ಏರುವ ಕಾರೇ ಬೇಕು ಎಂಬುದು ಬೇರೆಯೇ ಮಾತು. ಈ ಎರಡನ್ನೂ ಬೇರ್ಪಡಿಸಿ ನೋಡಲು ನಮಗೆ ಎರಡು ತಿಂಗಳು ಹಿಡಿಯಿತು.

ವಿದ್ಯುತ್ ಕಾರನ್ನು ಮುಖ ನೋಡಿಯೇ ತಳ್ಳಿಹಾಕಲಿಲ್ಲ. ದಿನಕ್ಕೆ ಹದಿನೆಂಟು ಕಿಲೋಮೀಟರ್ ಓಡುವ, ರಾತ್ರಿ ಮನೆಯಲ್ಲಿಯೇ ನಿಲ್ಲುವ ಗಾಡಿಗೆ ಅದಕ್ಕಿಂತ ಹೊಂದುವ ಯಂತ್ರವಿಲ್ಲ. ಮಣಿಪಾಲದ ಹೋಗಿಬರುವ 155 ಕಿಲೋಮೀಟರ್ ಕೂಡ ಒಂದು ಚಾರ್ಜಿನಲ್ಲಿ ಮುಗಿಯುವ ದೂರವೇ, ಇಳಿಯುವಾಗ ಘಾಟಿ ಒಂದಿಷ್ಟು ಚಾರ್ಜನ್ನು ಹಿಂದಿರುಗಿಸಿಯೂ ಕೊಡುತ್ತದೆ. ತೊಡಕಾದದ್ದು ಮನೆಯ ಕರೆಂಟು. ಜುಲೈ ಮಳೆಯಲ್ಲಿ ಮರ ಬಿದ್ದು ಲೈನು ಹರಿದರೆ ಮೂರು ನಾಲ್ಕು ದಿನ ಕತ್ತಲೆ, ಉಳಿದ ದಿನಗಳಲ್ಲಿ ಸಂಜೆಯ ಹೊತ್ತಿಗೆ ಪಂಪ್‌ಸೆಟ್ಟೂ ಏಳದಷ್ಟು ಕಡಿಮೆ ವೋಲ್ಟೇಜು. ಇರುವುದೊಂದೇ ಕಾರು, ಮನೆಯಲ್ಲಿ ಔಷಧಿಯ ಮೇಲಿರುವ ಹಿರಿಯರು. ಅದೇ ಮನೆ ಶಿವಮೊಗ್ಗದಲ್ಲಿದ್ದಿದ್ದರೆ ನನ್ನ ಶಿಫಾರಸು ವಿದ್ಯುತ್ ಕಾರಿಗೇ ಆಗಿರುತ್ತಿತ್ತು. ಸೆಕೆಂಡ್‌ಹ್ಯಾಂಡ್ ಕಾರುಗಳನ್ನೂ ಎರಡು ಭಾನುವಾರ ನೋಡಿದೆವು. ಆದರೆ ನಮಗೆ ಬೇಕಾದ ಆಟೊಮ್ಯಾಟಿಕ್ ಗೇರಿನ, ನಂಬುವಂಥ ಸರ್ವಿಸ್ ದಾಖಲೆಯಿದ್ದ ಗಾಡಿ ಸಿಗಲಿಲ್ಲ.

ಆಟೊಮ್ಯಾಟಿಕ್ ಏಕೆಂದರೆ ಭಾವನ ಎಡಗಾಲಿನ ಮಂಡಿ. ಮೂವತ್ತೈದು ವರ್ಷ ಕ್ಲಚ್ ತುಳಿದವರು ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಶಿವಮೊಗ್ಗದಿಂದ ಬಂದ ಸಂಜೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುವುದನ್ನು ಅಕ್ಕ ನೋಡಿ ಹೇಳಿದಳು. ಹೀಗೆ ಜುಲೈ ಕೊನೆಯ ಹೊತ್ತಿಗೆ ನಾಲ್ಕು ಮೀಟರಿಗಿಂತ ಚಿಕ್ಕದಾದ, ಪೆಟ್ರೋಲಿನ, ಆಟೊಮ್ಯಾಟಿಕ್ ಗೇರಿನ ನಾಲ್ಕು ಕಾರುಗಳು ಪಟ್ಟಿಯಲ್ಲಿ ಉಳಿದವು: ಟಾಟಾ ಪಂಚ್, ಹ್ಯುಂಡೈ ಎಕ್ಸ್‌ಟರ್, ಟಾಟಾ ನೆಕ್ಸಾನ್ ಮತ್ತು ಮಾರುತಿ ಬ್ರೆಝಾ. ಮೊದಲೆರಡು 3.8 ಮೀಟರ್ ಉದ್ದದವು, 1.2 ಲೀಟರಿನ ಸಾದಾ ಎಂಜಿನ್, ಕ್ಲಚ್ಚನ್ನು ಯಂತ್ರವೇ ಒತ್ತಿ ಬಿಡುವ ಎಎಂಟಿ ಗೇರ್. ನೆಕ್ಸಾನ್‌ಗೆ 1.2 ಲೀಟರಿನ ಟರ್ಬೊ, ಬ್ರೆಝಾಕ್ಕೆ ಒಂದೂವರೆ ಲೀಟರಿನ ಎಂಜಿನ್ ಮತ್ತು ನುಣುಪಾಗಿ ಬದಲಾಗುವ ಟಾರ್ಕ್ ಕನ್ವರ್ಟರ್ ಗೇರ್.

ಅಷ್ಟರಲ್ಲಿ ಆಗಸ್ಟ್ 15 ಬಂದಿತು. ಕೆಂಪು ಕೋಟೆಯ ಭಾಷಣದಲ್ಲಿ ಪ್ರಧಾನಿಯವರು ಜಿಎಸ್‌ಟಿ ಇಳಿಕೆಯ ಮಾತಾಡಿದರು. ಗಣೇಶ ಚೌತಿಗೆ ಮುಂಗಡ ಕಟ್ಟಿಬಿಡೋಣವೆಂದು ಭಾವ ತಯಾರಾಗಿದ್ದರು, ಶೋರೂಮಿನವರು ಕೂಡ ಈಗಲೇ ಬಿಲ್ ಮಾಡಿಸಿದರೆ ರಿಯಾಯಿತಿ ಎಂದು ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದರು. ಕಾಯೋಣ ಎಂದದ್ದು ಅಕ್ಕ. ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ತೀರ್ಮಾನಿಸಿತು, 22ರಿಂದ ಹೊಸ ದರ ಜಾರಿಗೆ ಬಂದಿತು. ಇಲ್ಲಿ ಒಂದು ಸೂಕ್ಷ್ಮವಿದೆ. ನಾಲ್ಕು ಮೀಟರ್ ಮೀರದ, 1,200 ಸಿಸಿ ಮೀರದ ಪೆಟ್ರೋಲ್ ಕಾರಿನ ತೆರಿಗೆ ಸೆಸ್ ಸೇರಿ ಶೇ. 29 ಇದ್ದದ್ದು 18ಕ್ಕೆ ಇಳಿಯಿತು. ನಾಲ್ಕು ಮೀಟರಿನೊಳಗಿದ್ದರೂ ಒಂದೂವರೆ ಲೀಟರ್ ಪೆಟ್ರೋಲ್ ಎಂಜಿನ್ ಇರುವ ಕಾರಿನದು 45ರಿಂದ 40ಕ್ಕಷ್ಟೇ ಇಳಿಯಿತು. ಅಂದರೆ ಮೊದಲನೆಯ ಗುಂಪಿನ ಶೋರೂಂ ಬೆಲೆ ನೂರಕ್ಕೆ ಎಂಟೂವರೆಯಷ್ಟು ಕಡಿಮೆಯಾದರೆ, ಎರಡನೆಯದು ಮೂರೂವರೆಯಷ್ಟು ಮಾತ್ರ. ನಮ್ಮ ಪಟ್ಟಿಯಲ್ಲಿ ಬ್ರೆಝಾ ಉಳಿದ ಮೂರರಿಂದ ದೂರವಾದದ್ದು ಹೀಗೆ, ಅದರಲ್ಲಿ ಆ ಕಾರಿನ ಗುಣದೋಷದ ಪಾತ್ರವೇನೂ ಇರಲಿಲ್ಲ. ನಮ್ಮಲ್ಲಿ ಇಷ್ಟೊಂದು ಕಾರುಗಳ ಉದ್ದ 3,995 ಮಿಲಿಮೀಟರಿಗೇ ಬಂದು ನಿಲ್ಲುವುದರ ಗುಟ್ಟೂ ಇದೇ. ಸಣ್ಣ ಕಾರಿಗೆ ಪ್ರತ್ಯೇಕವಾಗಿ ಅಬಕಾರಿ ಸುಂಕ ಇಳಿಸಿದ 2006ರ ಬಜೆಟ್ಟಿನ ಗೆರೆಯನ್ನು ಇಂದಿಗೂ ಎಂಜಿನಿಯರುಗಳು ದಾಟದೆ ಕಾರು ಕತ್ತರಿಸುತ್ತಿದ್ದಾರೆ. ಹೊಸ ದರದಲ್ಲಿ 1,500 ಸಿಸಿಯೊಳಗಿನ ಡೀಸೆಲ್ ಕೂಡ ಅಗ್ಗವಾಯಿತೆಂದು ಭಾವ ಮತ್ತೆ ಆಸೆಪಟ್ಟರು. ಲೆಕ್ಕ ತಿರುಗಿ ಹಾಕಿದಾಗ ಎಂಟು ವರ್ಷ ಏಳಕ್ಕೆ ಬಂದಿತ್ತು, ಅಷ್ಟೆ.

ಕರ್ನಾಟಕದಲ್ಲಿ ಕಾರು ಕೊಳ್ಳುವವರು ಗಮನಿಸಬೇಕಾದ ಇನ್ನೊಂದು ಗೆರೆ ಹತ್ತು ಲಕ್ಷದ್ದು. ನಾವು ಕೊಂಡಾಗ ಐದರಿಂದ ಹತ್ತು ಲಕ್ಷದೊಳಗಿನ ಕಾರಿಗೆ ಜೀವಾವಧಿ ತೆರಿಗೆ ಶೇ. 14, ಅದರ ಮೇಲಿದ್ದರೆ 17 ಇತ್ತು, ತೆರಿಗೆಯ ಮೇಲೆ ಶೇ. 11 ಸೆಸ್ ಬೇರೆ. ಈ ದರ ಹತ್ತು ಲಕ್ಷ ಮೀರಿದ ಭಾಗಕ್ಕೆ ಮಾತ್ರವಲ್ಲ, ಇಡೀ ಬೆಲೆಗೆ ಬೀಳುತ್ತದೆ. ಹೀಗಾಗಿ 9,95,000 ರೂಪಾಯಿಯ ಕಾರಿಗೆ ಸುಮಾರು 1,54,600 ರೂಪಾಯಿ ತೆರಿಗೆಯಾದರೆ, 10,05,000ದ ಕಾರಿಗೆ ಸುಮಾರು 1,89,600 ಆಗುತ್ತದೆ. ಶೋರೂಮಿನ ಹಲಗೆಯಲ್ಲಿ ಹತ್ತು ಸಾವಿರದ ವ್ಯತ್ಯಾಸವಾಗಿ ಕಂಡದ್ದು ಅಂಗಳಕ್ಕೆ ಬರುವಷ್ಟರಲ್ಲಿ ನಲವತ್ತೈದು ಸಾವಿರವಾಗಿರುತ್ತದೆ. ಹತ್ತು ಲಕ್ಷ ದಾಟಿದರೆ ಮಾರುವವರೇ ವಸೂಲಿ ಮಾಡುವ ಶೇ. 1ರಷ್ಟು ಟಿಸಿಎಸ್ ತೆರಿಗೆ ಕೂಡ ಕಟ್ಟಬೇಕು, ಅದು ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಕೆಯಾಗುತ್ತದೆ. ಸನ್‌ರೂಫ್ ಇದ್ದ ಮಾದರಿಗಳಲ್ಲಿ ಮಗ ಬೊಟ್ಟುಮಾಡಿದ್ದು ಈ ಗೆರೆಯ ಆಚೆಗಿತ್ತು.

ಸುರಕ್ಷತೆಯ ನಕ್ಷತ್ರಗಳ ವಿಷಯದಲ್ಲಿ ಮಗನ ಹಟ ಸರಿಯಾಗಿಯೇ ಇತ್ತು, ಆದರೆ ಎಲ್ಲ ಐದು ನಕ್ಷತ್ರಗಳೂ ಒಂದೇ ಎಂಬ ತಿಳಿವಳಿಕೆ ತಪ್ಪಾಗಿತ್ತು. ಪಂಚ್‌ಗೆ ಕಾರುಗಳನ್ನು ಗುದ್ದಿಸಿ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಐದು ನಕ್ಷತ್ರ ಕೊಟ್ಟದ್ದು 2021ರಲ್ಲಿ. ಆ ಸಂಸ್ಥೆ 2022ರಲ್ಲಿ ತನ್ನ ಪರೀಕ್ಷೆಯನ್ನು ಬಿಗಿಗೊಳಿಸಿತು. 2018ರಲ್ಲಿ ಐದು ನಕ್ಷತ್ರ ಪಡೆದಿದ್ದ ನೆಕ್ಸಾನ್ 2024ರಲ್ಲಿ ಬಿಗಿಯಾದ ನಿಯಮದಡಿ ಮತ್ತೆ ಐದು ಪಡೆಯಿತು. ನಮ್ಮದೇ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ಅದರಲ್ಲಿ ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಮುಂಭಾಗದ ಒಂದು ಪಾಲು ತಡೆಗೋಡೆಗೆ ಬಡಿಯುವಂತೆ ಗುದ್ದಿಸುತ್ತಾರೆ, ಐದು ನಕ್ಷತ್ರಕ್ಕೆ ದೊಡ್ಡವರ ರಕ್ಷಣೆಯಲ್ಲಿ 32ಕ್ಕೆ 27 ಅಂಕವಾದರೂ ಬರಬೇಕು. ಕಾಗದದ ಮೇಲೆ ನೋಡಿದರೆ ಇಲ್ಲಿ ನೆಕ್ಸಾನ್ ಮುಂದಿತ್ತು. 208 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್, ಟರ್ಬೊ ಎಂಜಿನ್, ಸಣ್ಣ ಕಾರಿನ ತೆರಿಗೆ ಎಲ್ಲ ಸೇರಿ ಅದೇ ಗೆಲ್ಲುತ್ತದೆಂದು ನಾನು ಸೆಪ್ಟೆಂಬರ್ ಮಧ್ಯದಲ್ಲಿ ಬರೆದಿಟ್ಟಿದ್ದೆ.

ನನ್ನ ಬರಹವನ್ನು ಅಳಿಸಿದ್ದು ಅಕ್ಕನ ಒಂದು ಮಾತು. ಪೇಟೆಗೆ 120 ಸಲ ಹೋಗಿದ್ದರಲ್ಲಿ ಅಜ್ಜಿ ಎಷ್ಟು ಸಲ ಬಂದಿದ್ದರು ಎಂದು ಸುಮ್ಮನೆ ಕೇಳಿದೆ. ಡೈರಿಯಲ್ಲಿ ಮಣಿಪಾಲ ಬಿಟ್ಟರೆ ಆರು ತಿಂಗಳಲ್ಲಿ ಮೂರೇ ಸಲ ಅವರ ಉಲ್ಲೇಖವಿತ್ತು. ವಯಸ್ಸಾಯಿತು, ಮನೆಯಲ್ಲೇ ಇರಲು ಇಷ್ಟಪಡುತ್ತಾರೆ ಎಂದು ಭಾವ ಹೇಳಿದರು. ಅದಕ್ಕೆ ಅಕ್ಕ, "ಇಷ್ಟ ಇಲ್ಲದ್ದಲ್ಲ, ಆ ಕಾರಿನಲ್ಲಿ ಕೂತರೆ ಏಳಕ್ಕೆ ಆಗುವುದಿಲ್ಲ, ಇಬ್ಬರು ಎತ್ತಬೇಕು. ಮಂದಿ ಎದುರು ಎತ್ತಿಸಿಕೊಳ್ಳಲು ಅವರಿಗೆ ನಾಚಿಕೆ" ಎಂದಳು. ಹಳೆಯ ಕಾರಿನ ಸೀಟು ನೆಲಕ್ಕೆ ಹತ್ತಿರ. ಮಂಡಿ ನೋವಿನವರು ಅದರೊಳಗೆ ಕೂರುವುದಿಲ್ಲ, ಬೀಳುತ್ತಾರೆ. ಆದ ಪ್ರಯಾಣಗಳನ್ನಷ್ಟೇ ಡೈರಿ ಲೆಕ್ಕ ಇಟ್ಟಿತ್ತು. ಆಗದೆ ಹೋದವುಗಳಿಗೆ ಅದರಲ್ಲಿ ಸಾಲಿರಲಿಲ್ಲ, ಮತ್ತು ನಾನು ಎರಡು ತಿಂಗಳಿಂದ ಹೊಗಳುತ್ತಿದ್ದ ವಿಧಾನದ ಕುಂದು ಅಲ್ಲಿಯೇ ಇತ್ತು.

ಮುಂದಿನ ಶನಿವಾರ ಅಜ್ಜಿಯನ್ನೇ ಶಿವಮೊಗ್ಗಕ್ಕೆ ಕರೆದೊಯ್ದೆವು, ಜೊತೆಗೆ ಅವರ ಮಡಚುವ ವಾಕರ್ ಮತ್ತು ಬಡಗಿಯ ಅಳತೆಪಟ್ಟಿ. ಹೊರಡುವ ಮೊದಲು ಅವರ ಮಂಚದ ಎತ್ತರ ಅಳೆದಿದ್ದೆವು, ಇಪ್ಪತ್ತೆರಡು ಇಂಚು. ಯಾರ ನೆರವೂ ಇಲ್ಲದೆ ಅವರು ಕೂತು ಏಳುವ ಜಾಗ ಅದೊಂದೇ. ಕಾರಿನ ಹಿಂದಿನ ಸೀಟಿನ ಅಂಚು ಅದಕ್ಕಿಂತ ಕೆಳಗಿದ್ದರೆ ಏಳುವುದು ಕಷ್ಟ, ಬಹಳ ಮೇಲಿದ್ದರೆ ಕಾಲು ಎತ್ತುವುದು ಕಷ್ಟ. ಅತ್ಯಂತ ಎತ್ತರದ ಕಾರಿನ ಬಾಗಿಲಲ್ಲಿ ನಿಂತು ಅವರು, "ಹತ್ತಕ್ಕೆ ಏಣಿ ಬೇಕಲ್ಲ ಮಾರಾಯ" ಎಂದು ನಕ್ಕರು. ಹತ್ತಿದರು ಕೂಡ, ಆದರೆ ಹೊಸ್ತಿಲಿನಂಥ ಅಂಚನ್ನು ದಾಟಿಸಲು ಕಾಲನ್ನು ಕೈಯಿಂದ ಎತ್ತಿಟ್ಟುಕೊಳ್ಳಬೇಕಾಯಿತು. ಪಂಚ್‌ನ ಬಾಗಿಲುಗಳು ತೊಂಬತ್ತು ಡಿಗ್ರಿ ತೆರೆದುಕೊಳ್ಳುತ್ತವೆ. ಆದ್ದರಿಂದ ವಾಕರನ್ನು ಸೀಟಿನ ಪಕ್ಕದವರೆಗೆ ತಂದು, ಬೆನ್ನು ಒಳಗೆ ಮಾಡಿ ಮಂಚದ ಮೇಲೆ ಕೂತಂತೆ ಕೂತು, ಆಮೇಲೆ ಎರಡೂ ಕಾಲುಗಳನ್ನು ಒಳಗೆ ತಿರುಗಿಸಿಕೊಳ್ಳಲು ಅವರಿಗೆ ಸಾಧ್ಯವಾಯಿತು. ಮೂರು ಸಲ ಇಳಿಸಿ ಹತ್ತಿಸಿ ನೋಡಿದೆವು. ಮೂರನೆಯ ಸಲ ನಾವು ಯಾರೂ ಕೈ ಕೊಡಲಿಲ್ಲ. 366 ಲೀಟರಿನ ಡಿಕ್ಕಿಯಲ್ಲಿ ವಾಕರ್ ಅಡ್ಡವಾಗಿ ಕೂತಿತು. ಸೇಲ್ಸ್ ಹುಡುಗ ಈ ಹೊತ್ತಿನಲ್ಲಿ ಪರದೆಯ ಗಾತ್ರ ವಿವರಿಸಲು ಎರಡು ಸಲ ಬಂದು ಹಿಂದಿರುಗಿದ.

ಉಳಿದದ್ದು ಘಾಟಿಯ ಅರ್ಹತಾ ಪರೀಕ್ಷೆ. ಶೋರೂಮಿನ ಮಾಮೂಲು ಟೆಸ್ಟ್ ಡ್ರೈವ್ ಎಂದರೆ ಸಮತಟ್ಟಾದ ಹೆದ್ದಾರಿಯಲ್ಲಿ ನಾಲ್ಕು ಕಿಲೋಮೀಟರ್. ಅದರಿಂದ ನಮಗೆ ಏನೂ ತಿಳಿಯುವಂತಿರಲಿಲ್ಲ. ಹಟ ಹಿಡಿದು ನಾಲ್ವರು ಕುಳಿತು, ಎಸಿ ಹಾಕಿ, ಕಡಿದಾದ ಏರಿರುವ ಒಂದು ಒಳರಸ್ತೆಗೆ ಕೊಂಡೊಯ್ದೆವು. ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಿಸಿದೆವು. ಎಎಂಟಿ ತನ್ನಷ್ಟಕ್ಕೆ ಗೇರ್ ಬದಲಿಸುವಾಗ ಒಂದು ಕ್ಷಣ ತಡೆಯುತ್ತದೆ, ತಿರುವಿನಲ್ಲಿ ಅದು ಇಷ್ಟವಾಗುವ ಅನುಭವವಲ್ಲ. ಕೈಯಿಂದ ಎರಡನೆಯ ಗೇರಿಗೆ ಹಾಕಿ ಹಿಡಿದಿಟ್ಟರೆ ಆ ತಡೆ ಇರಲಿಲ್ಲ. ಇಳಿಯುವಾಗಲೂ ಹೀಗೆಯೇ ಕೆಳಗಿನ ಗೇರಿನಲ್ಲಿ ಹಿಡಿದಿಡಬೇಕು. ಆಟೊಮ್ಯಾಟಿಕ್ ಎಂದು ಬ್ರೇಕಿನ ಮೇಲೊಂದೇ ಕಾಲಿಟ್ಟು ಇಳಿದರೆ ಹದಿನಾಲ್ಕು ತಿರುವು ಮುಗಿಯುವಷ್ಟರಲ್ಲಿ ಬ್ರೇಕು ಕಾದುಹೋಗುತ್ತದೆ. ಭಾವ ಎರಡು ಸಲ ಓಡಿಸಿ, "ಏರ್ತದೆ, ಓಡೋದಿಲ್ಲ, ಅಷ್ಟೆ" ಎಂದರು. ನಮಗೆ ಬೇಕಾಗಿದ್ದೂ ಅಷ್ಟೇ. ಆ ಸಂಜೆಯೇ ಹತ್ತು ಲಕ್ಷದೊಳಗಿನ ಪಂಚ್ ಎಎಂಟಿ ಎಂದು ತೀರ್ಮಾನವಾಯಿತು. ನೆಕ್ಸಾನ್ ಒಳ್ಳೆಯ ಕಾರೆಂಬ ಅಭಿಪ್ರಾಯವನ್ನು ನಾನು ಈಗಲೂ ಬದಲಿಸಿಲ್ಲ, ಬೇರೆ ಮನೆಯಾಗಿದ್ದರೆ ಅದನ್ನೇ ಹೇಳುತ್ತಿದ್ದೆ.

ಕೊಟೇಶನ್ನಿನ ಜಗ್ಗಾಟವನ್ನು ಹೆಚ್ಚು ಬೆಳೆಸುವುದಿಲ್ಲ, ವಿಮೆಯೊಂದನ್ನು ಬಿಟ್ಟು. ಶೋರೂಮಿನವರು 46,000ದ ವಿಮೆಯನ್ನು ಕಡ್ಡಾಯವೆಂಬಂತೆ ಸೇರಿಸಿದ್ದರು. ಹಾಗೆ ಕಡ್ಡಾಯ ಮಾಡಲು ಅವರಿಗೆ ಅಧಿಕಾರವಿಲ್ಲ. ಮೂರು ವರ್ಷದ ಥರ್ಡ್ ಪಾರ್ಟಿ ಕಂತು ಸರ್ಕಾರ ಗೊತ್ತುಮಾಡಿದ್ದು, 1,000ದಿಂದ 1,500 ಸಿಸಿ ಕಾರಿಗೆ ಆಗ 10,640 ರೂಪಾಯಿ ಮತ್ತು ಅದರ ಮೇಲೆ ತೆರಿಗೆ. ಅದನ್ನು ಯಾರೂ ಹೆಚ್ಚು ಕಡಿಮೆ ಮಾಡುವಂತಿಲ್ಲ. ವ್ಯತ್ಯಾಸವೆಲ್ಲ ಸ್ವಂತ ಹಾನಿಯ ಭಾಗದಲ್ಲಿರುತ್ತದೆ. ಹೊರಗಿನ ಏಜೆಂಟರಿಂದ ಅದೇ ವಿಮಾ ಮೊತ್ತದ ಪಾಲಿಸಿ, ಝೀರೊ ಡೆಪ್ರಿಸಿಯೇಶನ್ ಮತ್ತು ಎಂಜಿನ್ ರಕ್ಷಣೆ ಎರಡೂ ಸೇರಿ 33,000ಕ್ಕೆ ಸಿಕ್ಕಿತು. ಝೀರೊ ಡೆಪ್ರಿಸಿಯೇಶನ್ ಇಲ್ಲದಿದ್ದರೆ ಬಂಪರಿನಂಥ ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಅರ್ಧವನ್ನು ನಾವೇ ಭರಿಸಬೇಕಾಗುತ್ತದೆ. ಮಳೆನೀರು ತುಂಬಿದ ರಸ್ತೆಯಲ್ಲಿ ಎಂಜಿನ್ನಿಗೆ ನೀರು ನುಗ್ಗಿದರೆ ಸಾದಾ ಪಾಲಿಸಿ ಕೈಯೆತ್ತುತ್ತದೆ. ಮಲೆನಾಡಿನಲ್ಲಿ ಈ ಎರಡೂ ದೂರದ ಮಾತುಗಳಲ್ಲ.

ಅಕ್ಟೋಬರ್ 1ರ ಆಯುಧ ಪೂಜೆಯ ದಿನ ಕಾರು ಬೇಡ ಎಂದು ಅಕ್ಕ ಮತ್ತು ನಾನು ಭಾವನನ್ನು ಒಪ್ಪಿಸಿದೆವು. ಅಂದು ಶೋರೂಮಿನ ಅಂಗಳದಲ್ಲಿ ಐವತ್ತು ಕಾರುಗಳಿಗೆ ಒಟ್ಟಿಗೆ ಹೂವಿನ ಹಾರ ಬೀಳುತ್ತಿರುವಾಗ ನಮ್ಮದನ್ನು ಯಾರೂ ಸಮಾಧಾನದಿಂದ ತೋರಿಸುವುದಿಲ್ಲ. ಹನ್ನೆರಡು ದಿನ ಬಿಟ್ಟು ಹಗಲು ಬೆಳಕಿನಲ್ಲಿ ಹೋಗಿ, ಹದಿನೇಳು ಅಕ್ಷರಗಳ ಚಾಸಿಸ್ ಸಂಖ್ಯೆಯನ್ನು ಬಿಲ್ಲಿನೊಂದಿಗೆ ಹೋಲಿಸಿ, ಟೈರುಗಳ ಮೇಲಿನ ನಾಲ್ಕಂಕಿಗಳಿಂದ ಅವು ತಯಾರಾದ ವಾರ ಮತ್ತು ವರ್ಷ ಓದಿ, ಸ್ಟೆಪ್ನಿಯನ್ನೂ ಹೊರಗೆಳೆದು ನೋಡಿದೆವು. ಒಂದು ಬಾಗಿಲಿನ ರಬ್ಬರ್ ಸರಿಯಾಗಿ ಕೂತಿರಲಿಲ್ಲ, ಅಲ್ಲಿಯೇ ಬದಲಿಸಿಕೊಟ್ಟರು.

ನಾವು ಎಣಿಸದೆ ಬಿಟ್ಟದ್ದೊಂದಿತ್ತು. ಹಳೆಯ ಸಣ್ಣ ಕಾರಿಗೆಂದು ಕಟ್ಟಿದ ಜಂಬಿಟ್ಟಿಗೆಯ ಶೆಡ್ಡಿನೊಳಗೆ ತೊಂಬತ್ತು ಡಿಗ್ರಿಯ ಬಾಗಿಲು ಅರ್ಧವೂ ತೆರೆಯುವುದಿಲ್ಲ. ಹಾಗಾಗಿ ಅಜ್ಜಿ ಹೊರಡುವ ದಿನ ಭಾವ ಮೊದಲು ಕಾರನ್ನು ಅಂಗಳಕ್ಕೆ ತಂದು, ಜಗಲಿಯ ಮೆಟ್ಟಿಲಿಗೆ ಸಮವಾಗಿ ನಿಲ್ಲಿಸುತ್ತಾರೆ. ಮಳೆಗಾಲಕ್ಕೆ ಅಲ್ಲಿ ಒಂದು ಶೀಟು ಇಳಿಸಬೇಕೆಂದು ಬಡಗಿಗೆ ಹೇಳಿಟ್ಟಿದ್ದಾರೆ. ಮಾರ್ಚ್ ಕೊನೆಯಲ್ಲಿ ನಾನು ಹೋದಾಗ ಡೈರಿ ಕೇಳಿ ನೋಡಿದೆ. ಐದೂವರೆ ತಿಂಗಳಿಗೆ 5,100 ಕಿಲೋಮೀಟರ್, ಸರಾಸರಿ ಮೈಲೇಜ್ 14.6, ಮಣಿಪಾಲಕ್ಕೆ ಐದು ಸಲ. ಮಣಿಪಾಲವಲ್ಲದೆ ಅಜ್ಜಿ ಇಪ್ಪತ್ತೆರಡು ಸಲ ಹೊರಗೆ ಹೋಗಿದ್ದರು: ಎರಡು ಮದುವೆ, ಒಂದು ತಿಥಿ, ಶೃಂಗೇರಿಗೆ ಒಮ್ಮೆ, ಉಳಿದವೆಲ್ಲ ಒಂಬತ್ತು ಕಿಲೋಮೀಟರ್ ದೂರದ ಪೇಟೆಗೆ.